ಬ್ರೇಕಿನ ಮೇಲೆ ಹೊರಿಸಿದ ತಪ್ಪು

ನನ್ನ ತಮ್ಮನ ಕಾಲು ಕಳೆದವನು ನನ್ನ ಮೋಟಾರು ಶೆಡ್ಡಿಗೇ ಬಂದು, ನನ್ನದೇ ಸ್ಟೂಲಿನ ಮೇಲೆ ಕೂತು, ನಾನು ತರಿಸಿದ ಟೀ ಕುಡಿದು, ತನ್ನ ಕಾರಿಗೆ ಒಳ್ಳೆಯ ಬ್ರೇಕು ತೋರಿಸು ಎಂದ. ತೋರಿಸಿದೆ. ಅದರಲ್ಲಿ ನನಗೆ ಒಂದಿಷ್ಟೂ ನಾಚಿಕೆಯಿಲ್ಲ.

ಅವನ ಹೆಸರು ಶಿವಕುಮಾರಪ್ಪ. ಚಿತ್ರದುರ್ಗದಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಎಪ್ಪತ್ಮೂರರಲ್ಲಿ ಯಾರೋ ಕಾಫಿ ತೋಟದ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ ಕೆಂಪು ಇಂಗ್ಲಿಷ್ ಕಾರನ್ನು ಕೊಂಡು ತಂದಿದ್ದ. ಎರಡೇ ಸೀಟು, ತಲೆಯ ಮೇಲೆ ಮಡಚಿ ಬಿಡುವ ಬಟ್ಟೆ, ಕೂತವನ ಕುಂಡೆ ನೆಲಕ್ಕೆ ಉಜ್ಜುವಷ್ಟು ತಗ್ಗು. ಅದು ಹಿರಿಯೂರಿನ ಬಸ್ ಸ್ಟ್ಯಾಂಡಿನ ಮುಂದೆ ಹಾಯ್ದರೆ ಬಸ್ಸಿಗೆ ಕಾದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ನಾನೂ ನೋಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆ ಕಾರು ಒಂದು ದಿನ ಮಟಮಟ ಮಧ್ಯಾಹ್ನ ಹೊಸದುರ್ಗದ ರಸ್ತೆಯಲ್ಲಿ, ನಮ್ಮ ಹಟ್ಟಿಯ ಹತ್ತಿರ, ನಮ್ಮ ಕುರಿ ಹಿಂಡಿನೊಳಕ್ಕೆ ನುಗ್ಗಿತು. ಕುರಿಗಳು ಸತ್ತವು. ಅವುಗಳನ್ನು ರಸ್ತೆ ದಾಟಿಸುತ್ತಿದ್ದ ನನ್ನ ತಮ್ಮ ಚಿತ್ತಯ್ಯನ ಬಲಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ತನಕ ತೆಗೆದರು. ಹಟ್ಟಿಯಲ್ಲಿ ಅವನ ಹಾಗೆ ಓಡುವವರು ಇರಲಿಲ್ಲ. ತೋಳ ಬಂತೆಂದರೆ ನಾಯಿಗಿಂತ ಮೊದಲು ಅವನು ಮುಟ್ಟುತ್ತಿದ್ದ. ಈಗ ಬೇಲಿಯ ಪಕ್ಕ ಕೂತು ಉಣ್ಣೆ ನೂಲುತ್ತಾನೆ.

ನಮ್ಮವರು ಪೊಲೀಸರ ಹತ್ತಿರ ಹೋಗಲು ಒಪ್ಪಲಿಲ್ಲ. ಗುಡಿಯ ಮುಂದೆ ಕಂಬಳಿ ಹಾಸಿದರು. ಹಾಸಿದ ಕಂಬಳಿಯ ಮೇಲೆ ಕೈಯಿಟ್ಟು ಒಬ್ಬ ಒಂದು ಮಾತು ಹೇಳಿದನೆಂದರೆ ನಮ್ಮಲ್ಲಿ ಅದನ್ನು ಯಾರೂ ಕೆದಕುವುದಿಲ್ಲ. ಹೇಳಿದವನು ಹೊರಗಿನವನಾದರೂ ಅಷ್ಟೇ. ಇದನ್ನು ಯಾರೋ ಶಿವಕುಮಾರಪ್ಪನಿಗೆ ಮೊದಲೇ ಹೇಳಿಕೊಟ್ಟಿದ್ದರು. ಬೂಟು ಬಿಚ್ಚಿ ಬಂದ, ಕೂತ, ಕೈಯಿಟ್ಟ.

"ನಾನು ಬ್ರೇಕ್ ತುಳ್ದೆ, ಹಿಡೀಲಿಲ್ಲ. ಕಬ್ಬಿಣ ಕೈ ಕೊಟ್ರೆ ನಾನೇನ್ ಮಾಡ್ಲಿ?"

ಹಟ್ಟಿಯ ಯಜಮಾನ ಮಾರಪ್ಪ ತೀರ್ಮಾನ ಹೇಳಿದ.

"ಮನುಷ್ಯಂದು ತಪ್ಪಿಲ್ಲ, ತಪ್ಪು ಬ್ರೇಕಿಂದು. ಆ ಕಬ್ಬಿಣ ಕಿತ್ತಾಕ್ಬೇಕು. ಚಿತ್ತಯ್ಯನ ಅಣ್ಣ ಕಾಟಲಿಂಗಪ್ಪ ಮೋಟಾರ್ ಕೆಲಸ ಬಲ್ಲೋನು, ಅವನೇ ಹೊಸಾದು ಹಾಕ್ಲಿ. ಹಾಕಿದ್ಮ್ಯಾಲೆ ಅದೇ ಜಾಗದಾಗೆ ನಮಗೆ ತೋರಿಸ್ಬೇಕು. ಹಾಯೋ ಟಗರು ಪಳಗೈತೆ ಅಂದೋನು ತಾನೇ ಅದರ ಎದುರಿಗೆ ನಿಲ್ಬೇಕು, ಅದು ನಮ್ಮ ಕಟ್ಟುಪಾಡು. ಕಾರಿಗೂ ಅದೇ ಕಟ್ಟು. ಸಾವ್ಕಾರ್ರೆ, ನೀವು ಎದುರಿಗೆ ನಿಲ್ರಿ, ಅವನು ಓಡಿಸ್ಲಿ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮನ ಕಾಲಿಗೆ ಬದಲು ಕಾರಿಗೆ ಹೊಸ ಬ್ರೇಕು! ಆದರೆ ಚಿತ್ತಯ್ಯ ನನ್ನ ಕೈ ಹಿಡಿದು ಕೂರಿಸಿದ.

"ಹೋಗ್ಲಿ ಬಿಡಣ್ಣ. ಕಬ್ಬಿಣಕ್ಕೇನು ನನ್ ಮ್ಯಾಲೆ ಹಗೆ ಐತಾ?"

ಆ ಮಾತಿನ ಮೇಲೆ ಅವನು ಅವತ್ತಿನಿಂದ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದ. ನನ್ನ ನಿದ್ದೆ ಹೋಯಿತು.

ನಮ್ಮ ಕಡೆಯ ಬೇರೆ ಕಾರುಗಳ ಬ್ರೇಕು ಚಕ್ರದೊಳಗಿನ ಮುಚ್ಚಿದ ಡ್ರಮ್ಮಿನಲ್ಲಿ ಇರುತ್ತದೆ. ಈ ಕಾರಿನ ಮುಂದಿನ ಚಕ್ರಗಳಿಗೆ ಮಾತ್ರ ಡಿಸ್ಕು, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಪೆಡಲು ಒತ್ತಿದರೆ ಎರಡು ಕಡೆಯಿಂದಲೂ ಪ್ಯಾಡು ಬಂದು ಅದನ್ನು ಅವುಚಿ ಹಿಡಿಯುತ್ತವೆ. ಅಂಥ ತಟ್ಟೆ ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಮದ್ರಾಸಿಗೆ ಹೋಗಿ, ರೇಸಿನವರಿಗೆ ಸಾಮಾನು ಮಾರುವ ಒಂದು ಅಂಗಡಿಯಿಂದ ಎರಡು ಥರದವು ತಂದೆ. ಒಂದು ಜೊತೆ ಸಾದಾ, ಹಳೆಯದಕ್ಕಿಂತ ದಪ್ಪ. ಇನ್ನೊಂದು ಜೊತೆಯ ಮೈತುಂಬ ಜರಡಿಯ ಹಾಗೆ ತೂತು.

ಶಿವಕುಮಾರಪ್ಪ ಕಾರು ತಂದು ನಿಲ್ಲಿಸಿದ. ತಟ್ಟೆಗಳನ್ನು ಗೋಣಿಚೀಲದ ಮೇಲೆ ಇಟ್ಟು ತೋರಿಸಿದೆ. ಸೀರೆ ಅಂಗಡಿಯಲ್ಲಿ ಸೆರಗು ನೋಡುವವರ ಹಾಗೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದ.

"ಯಾವುದು ಒಳ್ಳೇದು ಮೇಸ್ತ್ರಿ?"

"ದಪ್ಪಂದು ತಗಳ್ರಿ ಸಾವ್ಕಾರ್ರೆ. ಎಷ್ಟು ಕಾದ್ರೂ ಸೊಟ್ಟ ಆಗಲ್ಲ. ತೂತಿಂದು ಬೇಗ ಆರ್ತತೆ, ಆದ್ರೆ ತೂತಿನ ಅಂಚಿನಾಗೆ ಬಿರುಕು ಬಿಡ್ತತೆ. ಅದು ರೇಸಿನೋರಿಗೆ ಸರಿ, ದಿನಾ ಬದಲಾಯಿಸ್ತಾರೆ."

"ನೋಡಾಕೆ ತೂತಿಂದೇ ಚೆಂದ ಐತೆ."

"ನಿಮ್ಮ ಕಾರಿನ ಚಕ್ರ ಮುಚ್ಚಿರೋವು. ಒಳಗೆ ತೂತಿದ್ರೆ ಯಾರಿಗ್ ಕಾಣ್ತತೆ?"

ಅವನು ನಕ್ಕ. "ನಾನು ಹೇಳ್ತೀನಲ್ಲಯ್ಯ. ನಾನು ಹೇಳಿದ್ಮೇಲೆ ಐತೆ ಅಂತ್ಲೇ ಜನ ನಂಬ್ತಾರೆ."

ತೂತಿನದನ್ನೇ ಆರಿಸಿದ. ಟೀ ಕುಡಿಯುತ್ತ ಕಾಲು ಮೇಲೆ ಕಾಲು ಹಾಕಿಕೊಂಡು ನನಗೆ ಸಮಾಧಾನವನ್ನೂ ಹೇಳಿದ.

"ನಿನ್ ತಮ್ಮನೂ ಒಂಚೂರು ಚುರುಕಾಗಿರಬೇಕಿತ್ತು ಬಿಡು. ಅಷ್ಟು ದೂರದಿಂದ ಹಾರನ್ ಹೊಡ್ಕೊಂಡೇ ಬಂದೆ. ದಾರಿ ಬಿಡ್ತಾನೆ ಅಂದ್ಕೊಂಡಿದ್ದೆ."

ಟೀ ಲೋಟ ನನ್ನ ಕೈಯಲ್ಲೇ ನಿಂತಿತು. ನಿಜವಾಗಿ ಬ್ರೇಕು ಕೈಕೊಟ್ಟವನು ದಾರಿ ಬಿಡುತ್ತಾರೆ ಅಂದುಕೊಂಡು ಕೂರುವುದಿಲ್ಲ. ಅವನ ಕಾಲು ಪೆಡಲಿನ ಮೇಲೆ ಕುಣಿಯುತ್ತಿರುತ್ತದೆ, ಕೈ ಸ್ಟೀರಿಂಗನ್ನು ಗದ್ದೆಗೋ ಗುಂಡಿಗೋ ತಿರುಗಿಸುತ್ತಿರುತ್ತದೆ. ಇವನ ಕೈ ಹಾರನ್ನಿನ ಮೇಲಿತ್ತಂತೆ.

"ಹೌದು ಸಾವ್ಕಾರ್ರೆ" ಎಂದೆ. ಕಾರು ಬಿಟ್ಟು ಅವನು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದ.

ಚಕ್ರ ಬಿಚ್ಚಿ ನೋಡಿದೆ. ಹಳೆಯ ತಟ್ಟೆಗಳು ಬೆಳಗಿದ ಗಂಗಾಳದ ಹಾಗೆ ಹೊಳೆಯುತ್ತಿದ್ದವು. ಪ್ಯಾಡು ದಪ್ಪವಾಗಿದ್ದವು. ಎಣ್ಣೆಯ ಪೈಪಿನಲ್ಲಿ ಒಂದು ಹನಿಯೂ ಸೋರಿಲ್ಲ, ನಟ್ಟುಗಳನ್ನು ಯಾರೂ ಬಿಚ್ಚಿದ ಗುರುತಿಲ್ಲ. ಚಕ್ರ ಹಾಕಿ, ಕಾರನ್ನು ರಸ್ತೆಗಿಳಿಸಿ, ವೇಗವಾಗಿ ಓಡಿಸಿ ಬ್ರೇಕು ಒತ್ತಿದೆ. ಮೂಗು ತಗ್ಗಿಸಿ ನಿಂತಿತು. ಇನ್ನಷ್ಟು ವೇಗವಾಗಿ ಓಡಿಸಿ ಒತ್ತಿದೆ. ನಿಂತಿತು. ಎಷ್ಟು ಸಲ ಒತ್ತಿದರೂ ನಿಂತಿತು. ಆಗ ರಸ್ತೆಯ ಪಕ್ಕ ಕಾರು ಹಾಕಿ, ಸ್ಟೀರಿಂಗಿಗೆ ಹಣೆ ಹಚ್ಚಿ, ಹೆಂಗಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಅತ್ತು ಮುಗಿದ ಮೇಲೆ ಸ್ಪ್ಯಾನರು ತೆಗೆದುಕೊಂಡೆ. ಪೈಪಿನ ಒಂದು ನಟ್ಟು ಸಡಿಲ ಮಾಡಿದರೆ ಸಾಕು, ಎಣ್ಣೆ ಸೋರಿ ಬ್ರೇಕು ಹಿಡಿಯುವುದಿಲ್ಲ. ದುರ್ಗಕ್ಕೆ ಹೋಗುವ ದಾರಿಯಲ್ಲಿ ಲಾರಿಗಳಿಗೇನು ಬರವೇ? ನಟ್ಟಿಗೆ ಸ್ಪ್ಯಾನರು ಹಾಕಿಯೂ ಆಗಿತ್ತು. ಅವನು ಸಾಯುತ್ತಾನೆ ಅಂತ ನನಗೆ ಕನಿಕರ ಬರಲಿಲ್ಲ. ಹಾಗೆ ಯಾರೂ ತಿಳಿಯಬಾರದು. ಸತ್ತರೆ ಊರವರು ಏನನ್ನುತ್ತಾರೆ? ಅಯ್ಯೋ ಪಾಪ, ಬ್ರೇಕು ಹಿಡಿಯಲಿಲ್ಲವಂತೆ. ಅವನ ಸುಳ್ಳನ್ನು ನಾನೇ ನಿಜ ಮಾಡಿಕೊಟ್ಟ ಹಾಗಾಗುತ್ತಿತ್ತು. ಆ ಕಾರಣಕ್ಕೆ ಸ್ಪ್ಯಾನರು ಕೆಳಗಿಟ್ಟೆ.

ಹಳೆಯ ತಟ್ಟೆಗಳನ್ನು ಬಿಚ್ಚಲೇ ಇಲ್ಲ. ತೂತಿನವನ್ನು ಗ್ರೀಸ್ ಕಾಗದ ಸಮೇತ ಡಿಕ್ಕಿಯಲ್ಲಿ ಇಟ್ಟೆ. ಕಾರು ರೆಡಿ ಐತೆ ಅಂತ ದುರ್ಗಕ್ಕೂ ಹಟ್ಟಿಗೂ ಹೇಳಿ ಕಳಿಸಿದೆ.

ಪರೀಕ್ಷೆಯ ದಿನ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ಮಾರಪ್ಪ ಅದೇ ಕಂಬಳಿ ಹಾಸಿದ್ದ. ಹಟ್ಟಿಯೆಲ್ಲ ಬಂದಿತ್ತು. ಚಿತ್ತಯ್ಯ ಕಂಕುಳಲ್ಲಿ ಕೋಲು ಊರಿಕೊಂಡು ನಿಂತಿದ್ದ. ಶಿವಕುಮಾರಪ್ಪ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ಬಂದವನು ಕಾರಿನ ಸುತ್ತ ತಿರುಗಲೂ ಇಲ್ಲ, ಚಕ್ರದ ಕಡೆ ಬಗ್ಗಿ ನೋಡಲೂ ಇಲ್ಲ. ತೂತಿನ ತಟ್ಟೆಯ ಹೆಚ್ಚುಗಾರಿಕೆಯನ್ನು ಹಟ್ಟಿಯವರಿಗೆ ವಿವರಿಸಿದ. ಆಮೇಲೆ ಚಿತ್ತಯ್ಯ ಬಿದ್ದಿದ್ದ ಜಾಗದಲ್ಲೇ ರಸ್ತೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬಾರಯ್ಯ ಮೇಸ್ತ್ರಿ, ಜೋರಾಗೇ ಬಾ."

ಜೋರಾಗಿಯೇ ಬಂದೆ. ಅವನ ನಗು ದೊಡ್ಡದಾಗುತ್ತಾ ಬಂತು. ನನ್ನ ಕಾಲು ಪೆಡಲಿನ ಮೇಲಿತ್ತು, ಆದರೆ ಒತ್ತಲು ಅದಕ್ಕೆ ಮನಸ್ಸಿರಲಿಲ್ಲ. ಇವತ್ತು ಇದೇ ಕಬ್ಬಿಣ, ಇದೇ ರಸ್ತೆ, ನಾನೂ ಹಾರನ್ ಒಂದನ್ನೇ ಹೊಡೆದರೆ ಹೇಗೆ ಅನ್ನಿಸಿತು. ಚಿತ್ತಯ್ಯ ಕಣ್ಣಂಚಿನಲ್ಲಿ ಕಂಡ. ಒತ್ತಿದೆ.

ಅವನ ಬಿಳಿ ಪ್ಯಾಂಟಿಗೆ ಧೂಳು ಹಾರುವಷ್ಟು ಹತ್ತಿರ ಕಾರು ನಿಂತಿತು. ಹಟ್ಟಿಯ ಹುಡುಗರು ಸಿಳ್ಳೆ ಹೊಡೆದರು. ಶಿವಕುಮಾರಪ್ಪ ಬಾನೆಟ್ಟಿನ ಮೇಲೆ ತಟ್ಟಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನೋಡಿದ್ರಾ? ಬ್ರೇಕ್ ಅಂದ್ರೆ ಇದು! ಅವತ್ತು ಇದಿದ್ದಿದ್ರೆ ಚಿತ್ತಯ್ಯನ ಕಾಲು ಹೋಗ್ತಿತ್ತಾ?"

"ಹೋಗ್ತಿರ್ಲಿಲ್ಲ ಅಲ್ವಾ ಸಾವ್ಕಾರ್ರೆ?" ಎಂದು ಇಳಿದೆ.

"ಖಂಡಿತ ಹೋಗ್ತಿರ್ಲಿಲ್ಲ."

ಡಿಕ್ಕಿ ತೆಗೆದು, ಗ್ರೀಸ್ ಕಾಗದ ಬಿಚ್ಚಿ, ತೂತಿನ ತಟ್ಟೆಗಳನ್ನು ಮಾರಪ್ಪನ ಮುಂದೆ ಕಂಬಳಿಯ ಮೇಲೆ ಇಟ್ಟೆ.

"ಯಜಮಾನ್ರೆ, ಸಾವ್ಕಾರ್ರು ಆರಿಸಿದ್ದು ಇವು. ಇನ್ನೂ ಹಾಕಿಲ್ಲ. ಈಗ ಹಿಡಿದದ್ದು ಅವತ್ತಿನ ಕಬ್ಬಿಣಾನೇ."

"ಸುಳ್ಳು!" ಎಂದು ಅವನು ಕೂಗಿದ. ನಾನು ಜಾಕು ಹಾಕಿ ಚಕ್ರ ಬಿಚ್ಚಿದೆ. ಮಾರಪ್ಪ ಎದ್ದು ಬಂದು, ಬಗ್ಗಿ, ಒಳಗಿನ ತಟ್ಟೆಯನ್ನು ದಿಟ್ಟಿಸಿ ನೋಡಿದ. ಅದರಲ್ಲಿ ಒಂದು ತೂತೂ ಇರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿ ಸರಿದರು. ಅವನನ್ನು ಸಿಕ್ಕಿಸಿದ ಆ ತೂತುಗಳನ್ನು ಅವನೇ ಆರಿಸಿಕೊಂಡಿದ್ದ. ನನಗೆ ಜೀವ ತಂಪಾಯಿತು.

ಕೋಲು ಊರುತ್ತ ಚಿತ್ತಯ್ಯ ಮುಂದೆ ಬಂದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಯಾರೋ ನಿದ್ದೆಯಿಂದ ಎಬ್ಬಿಸಿದವನ ಮುಖ ಅದು. ಇಷ್ಟು ದಿನ ಕಬ್ಬಿಣದ್ದೇ ತಪ್ಪೆಂದು ನಂಬಿ ನೆಮ್ಮದಿಯಾಗಿದ್ದವನು.

"ಸಾವ್ಕಾರ್ರೆ, ಹಂಗಾರೆ ನನ್ನ ನೋಡೂ ತುಳೀಲಿಲ್ವೇನ್ರಿ?"

ಶಿವಕುಮಾರಪ್ಪ ಕಂಬಳಿಯ ಕಡೆ ನೋಡಿದ, ಕಾರಿನ ಕಡೆ ನೋಡಿದ.

ಚಿತ್ತಯ್ಯ ನನ್ನ ಕಡೆ ತಿರುಗಿದ.

"ಅಣ್ಣ, ಚಕ್ರ ಹಾಕು. ಇನ್ನೊಂದ್ಸಲ ಓಡ್ಸು. ಅವರು ಅಲ್ಲೇ ನಿಂತಿರ್ಲಿ."

ಚಕ್ರ ಹಾಕಿ ನಟ್ಟು ಬಿಗಿದೆ. ಅವನನ್ನು ನಡುರಸ್ತೆಯಲ್ಲೇ ಬಿಟ್ಟು ಕಾರನ್ನು ಹಿಂದಕ್ಕೆ, ರಸ್ತೆಯ ತಿರುವಿನ ತನಕ ಒಯ್ದೆ. ಅದೇ ಕಾರು, ಅದೇ ತಟ್ಟೆ, ಆಗಷ್ಟೇ ಅವನೆದುರಿಗೇ ಹಿಡಿದು ನಿಂತ ಬ್ರೇಕು. ಕಾರನ್ನು ಅವನತ್ತ ಓಡಿಸುತ್ತ ಹಾರನ್ನಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ.

ಶಿವಕುಮಾರಪ್ಪ ನಿಲ್ಲಲಿಲ್ಲ. ಬೂಟೊಂದು ರಸ್ತೆಯಲ್ಲೇ ಕಳಚಿ ಬಿತ್ತು, ಬಿಳಿ ಪ್ಯಾಂಟಿನಲ್ಲಿ ಬೇಲಿ ಹಾರಿ ಶೇಂಗಾ ಹೊಲದ ತುಂಬ ಓಡಿದ. ಬ್ರೇಕು ಹಿಡಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಅವನು ಓಡಿದ್ದು, ಅದನ್ನು ತುಳಿಯದೇ ಇರಬಹುದಾದ ನನ್ನ ಕಾಲಿಗೆ ಹೆದರಿ.