ಅಳದ ಹುಡುಗಿ

"ಬಲು ಜಾಣೆ ಕಣಯ್ಯ ನಿನ್ನ ಮಗಳು. ಬೆಳಗಿನಿಂದ ಒಂದು ಹನಿ ಕಣ್ಣೀರಿಲ್ಲ," ಎಂದಳು ಪೇಟೆಯ ಚಿಕ್ಕ ಆಸ್ಪತ್ರೆಯ ನರ್ಸು ಗಿರಿಜಾಂಬ.

ಅಕ್ಕೂರಿನ ಕುರಿಗಾರ ಬೀರಲಿಂಗಯ್ಯ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡ ಆರು ವರ್ಷದ ದಾಸಮ್ಮನನ್ನು ನಿನ್ನೆ ಗಾಡಿಯಲ್ಲಿ ತಂದಿದ್ದ. ಡಾಕ್ಟರು ಮೂಳೆ ಕೂಡಿಸಿದರು. ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದವಳು ಗಿರಿಜಾಂಬ. ಅವಳು ಹಾಕಿದ ಕಟ್ಟು ಸಡಿಲವಾದದ್ದೇ ಇಲ್ಲವೆಂದು ಹೆಸರು. ಅವಳಿಗೂ ಅದರ ಬಗ್ಗೆ ಒಂದಿಷ್ಟು ಜಂಬವಿತ್ತು.

ವಾರ್ಡಿನ ಉಳಿದ ಮಕ್ಕಳು ಗೋಡೆಯ ಮೇಲಿನ ಮಹಾರಾಜರ ಪಟ ಅದುರುವಂತೆ ಅರಚುತ್ತಿದ್ದವು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲವಂತೆ. ಇನ್ನು ಇರುವ ಎರಡು ಕೈಯಲ್ಲಿ ಗಿರಿಜಾಂಬ ಏನು ಮಾಡಿಯಾಳು? ಅಳು ಕೇಳಿದ ಕಡೆಗೆ ಓಡುತ್ತಿದ್ದಳು.

"ಜಾಣೆ ಅಲ್ಲ ಕಣ್ರವ್ವಾ," ಎಂದ ಬೀರಲಿಂಗಯ್ಯ ಅಳುಕುತ್ತ. "ಕುರಿಗೆ ನೋವಾದ್ರೆ ಅರಚಾಕಿಲ್ಲ. ಮೆಲುಕು ನಿಲ್ಲಿಸ್ಬುಡ್ತದೆ. ಇವ್ಳ ಬಾಯ ಒಸಿ ನೋಡ್ರವ್ವಾ."

ಬೆಳಿಗ್ಗೆ ಅಪ್ಪ ಬಾಯಿಗಿಟ್ಟ ಕೊಬ್ಬರಿ ಚೂರು ದವಡೆಯ ಸಂದಿಯಲ್ಲೇ ಇತ್ತು. ಹುಡುಗಿ ಅಗಿಯುತ್ತಿರಲಿಲ್ಲ. ಹೊದಿಕೆಯ ಅಂಚು ಮುಷ್ಟಿಯಲ್ಲಿತ್ತು, ತುಟಿಯ ಮೇಲೆ ಬೆವರಿತ್ತು. ಗಿರಿಜಾಂಬ ಹೊದಿಕೆ ಸರಿಸಿದಳು. ಕಾಲ್ಬೆರಳುಗಳು ಊದಿಕೊಂಡು ತಣ್ಣಗಿದ್ದವು. ಒಂದು ಉಗುರನ್ನು ಒತ್ತಿ ಬಿಟ್ಟಳು, ಕೆಂಪು ಮರಳಲಿಲ್ಲ. ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆ. ಬಿಗಿದದ್ದು ತನ್ನದೇ ಕೈ.

"ನೋವಾಗ್ತಿದೆಯಾ ಕಂದ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ನೋವಾದ್ರೆ ಅಳಬೇಕಲ್ವೇನೆ?"

"ತೋಳ ಬತ್ತದೆ," ಎಂದಳು ದಾಸಮ್ಮ ಪಿಸುದನಿಯಲ್ಲಿ.

ಬೀರಲಿಂಗಯ್ಯ ತಲೆ ತಗ್ಗಿಸಿದ. "ಮಂದೇಲಿ ಮಲಗೋ ಮಕ್ಕಳಿಗೆ ನಾವೇ ಹಂಗೆ ಕಲಿಸೋದವ್ವಾ. ಅತ್ರೆ ಮಂದೆ ಎಲ್ಲೈತೆ ಅಂತ ತೋಳಕ್ಕೆ ಗೊತ್ತಾಯ್ತದಲ್ಲ."

ಗಿರಿಜಾಂಬ ಕಟ್ಟಿಗೆ ಕತ್ತರಿ ಹಾಕಿದಳು. ಸುತ್ತು ಬಿಚ್ಚಿಕೊಂಡಂತೆ ಕಾಲಿಗೆ ರಕ್ತ ಇಳಿಯಿತು, ಅದರ ಜೊತೆಗೆ ನೋವೂ ನುಗ್ಗಿ ಬಂತು. ಹುಡುಗಿ ತುಟಿ ಕಚ್ಚಿಕೊಂಡು ಬಾಗಿಲ ಕಡೆ ನೋಡಿದಳು.

ಬೀರಲಿಂಗಯ್ಯ ಎದ್ದ. ಕಂಬಳಿ ಹೆಗಲಿಗೆಸೆದು, ಕೋಲು ಹಿಡಿದು, ಬಾಗಿಲಿಗೆ ಅಡ್ಡ ನಿಂತ.

"ನಾ ಇಲ್ಲೇ ನಿಂತಿವ್ನಿ. ಅಳು ಮಗಾ."

ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡು ಸುಮ್ಮನಾಗುವಂತೆ ದಾಸಮ್ಮ ಅತ್ತಳು. ಬೆಚ್ಚಗಾಗುತ್ತಿದ್ದ ಆ ಬೆರಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಗಿರಿಜಾಂಬಳೂ ಅತ್ತಳು.

ಬೀರಲಿಂಗಯ್ಯ ಒಳಗೆ ತಿರುಗಿ ನೋಡಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಖಾಲಿ ಬಿದ್ದ ರಸ್ತೆಯನ್ನು ಕಾಯುತ್ತ ನಿಂತಿದ್ದ.