ಗುರುವಾರ, ಮೂರು ಇಪ್ಪತ್ತು

"ಇದು ನಿಮ್ಮ ಅಕ್ಷರ ತಾನೆ?"

ಆರೋಗ್ಯ ಇಲಾಖೆಯ ಅರಿಗ ಕೌಂಟರಿನ ಮೇಲೆ ಔಷಧ ಚೀಟಿ ಇಟ್ಟರು. ಔಷಧದಂಗಡಿಯ ಮಿಹೊ ಹೌದೆಂದು ತಲೆಯಾಡಿಸಿದಳು. ಚೀಟಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿತ್ತು: 'ಗುರುವಾರ, ಮಧ್ಯಾಹ್ನ 3.20. ಡಾಕ್ಟರಿಗೆ ಫೋನ್ ಮಾಡಿ ಕೇಳಲಾಯಿತು. ಕೊಡಬಹುದೆಂದರು.' ಕೆಳಗೆ ಅವಳ ಮೊಹರು.

ಚೀಟಿ ಎಪ್ಪತ್ತೆಂಟು ವರ್ಷದ ಇವಾಸೆ ಅಜ್ಜಿಯದು. ಕಜ್ಜಿಗೆ ಕೊಡುವ ಮಾತ್ರೆಯನ್ನು ಕೊರೊನಾಕ್ಕೆಂದು ಬರೆಯಲಾಗಿತ್ತು. ಹೃದ್ರೋಗಿಯಾದ ಅಜ್ಜಿ ರಕ್ತ ಹೆಪ್ಪುಗಟ್ಟದಂತೆ ಬೇರೊಂದು ಮಾತ್ರೆಯನ್ನೂ ನುಂಗುತ್ತಿದ್ದರು. ಎರಡೂ ಕೂಡಿ, ಮೂಗಿನ ರಕ್ತ ನಿಲ್ಲದೆ, ಸೋಮವಾರ ಅವರನ್ನು ನಗರದ ಆಸ್ಪತ್ರೆಗೆ ಸೇರಿಸಿದ್ದರು.

ನಿಯಮದಂತೆ, ಅನುಮಾನ ಬಂದರೆ ಔಷಧದಂಗಡಿಯವರು ಚೀಟಿ ಬರೆದ ವೈದ್ಯರನ್ನೇ ಕೇಳಬೇಕು, ಉತ್ತರವನ್ನು ಚೀಟಿಯ ಮೇಲೆ ದಾಖಲಿಸಬೇಕು. ಅಲ್ಲಿಯವರೆಗೆ ಔಷಧ ಕೊಡುವಂತಿಲ್ಲ. ಆಗಸ್ಟಿನಲ್ಲಿ ಸೋಂಕು ಏರಿದಾಗ ಮಿಹೊ ಹಾಗೇ ಮಾಡಿದ್ದಳು. ಐದನೆಯ ಕರೆಗೆ, ಎದುರು ಕ್ಲಿನಿಕ್ಕಿನ ಡಾಕ್ಟರ್ ಕುಗಿಮಿಯ ನಕ್ಕಿದ್ದರು.

"ಮಿಹೊ ಅವ್ರೇ, ನನಗಿಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಪ್ರತಿ ಸಲ ನನ್ನ ಬಾಯಿಂದ ಹೂಂ ಅನ್ನಿಸ್ಲೇಬೇಕಾ? ಈ ಮಾತ್ರೆಗೆ, ಕೇಳಿದೆ ಅಂತ ನೀವೇ ಬರ್ಕೊಂಬಿಡಿ. ಏನಾದ್ರೂ ಆದ್ರೆ ನಾನಿದ್ದೀನಲ್ಲ."

ಹತ್ತೊಂಬತ್ತು ವರ್ಷಗಳಿಂದ ಅವಳ ಅಂಗಡಿಗೆ ಬರುವ ಹತ್ತು ಚೀಟಿಗಳಲ್ಲಿ ಒಂಬತ್ತು ಅವರವೇ. ಗುರುವಾರ ದಾಖಲೆಯಲ್ಲಿ ಅಜ್ಜಿಯ ರಕ್ತದ ಮಾತ್ರೆಯ ಹೆಸರು ಕಣ್ಣಿಗೆ ಬಿದ್ದು ಅವಳು ಫೋನ್ ಎತ್ತಿದ್ದಳು. ಬಾಗಿಲಾಚೆಗೆ ಜ್ವರದವರ ಸಾಲಿತ್ತು. ಡಾಕ್ಟರ್ ಯೋಚಿಸಿಯೇ ಬರೆದಿರುತ್ತಾರೆ ಎಂದುಕೊಂಡು, ನಂಬರು ಒತ್ತದೆ ಫೋನ್ ಕೆಳಗಿಟ್ಟು ಕೆಂಪು ಪೆನ್ನು ಎತ್ತಿಕೊಂಡಿದ್ದಳು.

ಈಗ ಅರಿಗರ ಪಕ್ಕದಲ್ಲೇ ಡಾಕ್ಟರ್ ನಿಂತಿದ್ದರು.

"ಚೀಟಿ ಬರೆದದ್ದು ಬೆಳಿಗ್ಗೆ. ಗುರುವಾರ ಮಧ್ಯಾಹ್ನ ನಾನು ಶಾಲೇಲಿ ಲಸಿಕೆ ಹಾಕ್ತಿದ್ದೆ. ಕ್ಲಿನಿಕ್ಕಿಗೆ ಬೀಗ, ಮೊಬೈಲು ಕಾರಲ್ಲಿ. ಕರೆ ಬಂದಿದ್ರೆ ಬೇಡ ಅಂತಿದ್ದೆ."

"ಡಾಕ್ಟ್ರೇ," ಮಿಹೊ ದನಿ ಮಾಸ್ಕಿನೊಳಗೇ ಉಳಿಯಿತು. "ಬರ್ಕೊಂಬಿಡಿ ಅಂತ ನೀವೇ ಅಂದ್ರಲ್ಲ?"

"ಹಳೇ ಪರಿಚಯ ಅಂತ ಇದನ್ನ ದೊಡ್ಡದು ಮಾಡಲ್ಲ, ಮಿಹೊ ಅವ್ರೇ. ಆದ್ರೆ ಸುಳ್ಳು ಬರೀರಿ ಅಂತ ಯಾವ ಡಾಕ್ಟರ್ ಹೇಳ್ತಾನೆ?" ಅವರು ಎಂದಿನ ಮೆಲುದನಿಯಲ್ಲೇ ಹೇಳಿದರು.

"ಮೇಡಂ, ಫೋನ್ ಮಾಡಿದ್ರಾ, ಇಲ್ವಾ? ಅಷ್ಟು ಹೇಳಿ," ಅಂದರು ಅರಿಗ.

"ಮಾಡ್ಲಿಲ್ಲ."

ಅರಿಗ ಬರೆದುಕೊಂಡರು. "ನಿಮ್ಮ ಪರವಾನಗಿ ಏನಾಗುತ್ತೆ ಅಂತ ಮೇಲಿನವರು ತೀರ್ಮಾನಿಸ್ತಾರೆ. ಅಲ್ಲೀವರೆಗೆ ಅಂಗಡಿ ತೆಗೀಬಹುದು." ಡಾಕ್ಟರ್ ಬಾಗಿ ವಂದಿಸಿ ರಸ್ತೆ ದಾಟಿದರು.

ಮಧ್ಯಾಹ್ನ ಮೀನುಗಾರ ತೊಕುಹಿರೊ ಹೆಂಡತಿಯ ಚೀಟಿ ತಂದ. ಅದೇ ಮಾತ್ರೆ, ಅದೇ ಸಹಿ.

"ಸ್ವಲ್ಪ ಕೂತ್ಕೊಳ್ಳಿ. ಡಾಕ್ಟ್ರನ್ನ ಕೇಳ್ಬೇಕು."

"ಮೊನ್ನೆ ನನಗೆ ಕೊಡೋವಾಗ ಯಾರನ್ನ ಕೇಳಿದ್ಯಮ್ಮ? ಅವರೇ ಅಲ್ವಾ ಬರೆದಿರೋದು! ಅಲ್ನೋಡು, ಎದುರಿಗೇ ಕೂತಿದ್ದಾರೆ."

ಮಿಹೊ ನಂಬರು ಒತ್ತಿದಳು. ಅಂಗಡಿಯ ಮತ್ತು ಕ್ಲಿನಿಕ್ಕಿನ ಕಿಟಕಿಗಾಜುಗಳ ಆಚೆ ಡಾಕ್ಟರ್ ಕುಗಿಮಿಯ ಮೇಜಿನ ಫೋನಿನತ್ತ ನೋಡಿದರು, ನಂತರ ರಸ್ತೆಯ ಈಚೆಗೆ. ಅವಳು ಕೈಯಲ್ಲಿ ಕೆಂಪು ಪೆನ್ನು ಹಿಡಿದು ನಿಂತಳು. ಫೋನ್ ರಿಂಗಾಗುತ್ತಲೇ ಇತ್ತು.