ಇಳಿಸಿದರೂ ನಿಲ್ಲದ ಕರೆಂಟು

ತಿಪ್ಪೇರುದ್ರನ ಕೆಲಸದ ಬಗ್ಗೆ ಜಗಳೂರು ಕಡೆ ಯಾರೂ ಕೊಂಕು ಆಡಿದವರಿಲ್ಲ. ಇಪ್ಪತ್ತೆರಡು ವರ್ಷ ಮನೆ ವೈರಿಂಗ್ ಮಾಡಿದವನು, ಸುಟ್ಟ ಮೋಟರುಗಳಿಗೆ ಜೀವ ಕೊಟ್ಟವನು. ಮೂರು ವರ್ಷದಿಂದ ಈಚೆಗೆ ರಘುನಾಥನ ಅಂಗಡಿಯ ಪರವಾಗಿ ಮಾಳಿಗೆಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ಕೆಳಗೆ ಮನೆಯೊಳಗಿನ ಬ್ಯಾಟರಿಗೆ ಜೋಡಿಸಿ ಕೊಡುತ್ತಿದ್ದ. ಅದಕ್ಕೆಂದು ದಾವಣಗೆರೆಯಲ್ಲಿ ಎರಡು ದಿನದ ತರಬೇತಿಗೂ ಹೋಗಿಬಂದಿದ್ದ.

ಯರ್ರಿಸ್ವಾಮಿಯ ಮನೆಯ ಕೆಲಸ ಅವನಿಗೆ ಬಂದದ್ದು ಯರ್ರಿಸ್ವಾಮಿಯ ಮಗಳು ಮಮತಾಳಿಂದ. ಅವಳು ಚನ್ನಗಿರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಹದಿನೆಂಟು ವರ್ಷ ಕಲ್ಲಿನ ಕ್ರಷರಿನಲ್ಲಿ ದುಡಿದು, ಎದೆಯ ತುಂಬ ಕಲ್ಲಿನ ಪುಡಿ ತುಂಬಿಕೊಂಡು ಮನೆ ಸೇರಿದ್ದ. ಮಾತಾಡಿದರೆ ಏದುಸಿರು, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ತುಟಿ ನೀಲಿ. ಮೂಗಿಗೆ ಕೊಳವೆ ಹಾಕಿಕೊಂಡು ದಿನದ ಬಹುಹೊತ್ತು ಆಕ್ಸಿಜನ್ ಮಷಿನ್ನಿನ ಪಕ್ಕದಲ್ಲೇ ಇರಬೇಕು. ಮಷಿನ್ನಿಗೆ ಕರೆಂಟು ಬೇಕು. ಜಗಳೂರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆಯ ಆ ಹಳ್ಳಿಯಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಹೋದಾಗಲೆಲ್ಲ ಮಮತಾಳ ತಾಯಿ ಭೀಮಕ್ಕ ಮೂಲೆಯ ಸಿಲಿಂಡರಿಗೆ ಕೊಳವೆ ಬದಲಿಸುತ್ತಿದ್ದಳು.

ಪ್ಯಾನೆಲ್ ಆರು, ಇನ್ವರ್ಟರ್ ಒಂದು, ಬ್ಯಾಟರಿ ಒಂದು. ಎರಡೇ ದಿನದ ಕೆಲಸ. ಎರಡನೆಯ ದಿನ ಪೆಟ್ಟಿಗೆ ಬಿಚ್ಚಿದಾಗ, ಪ್ಯಾನೆಲ್ಲಿಗೂ ಇನ್ವರ್ಟರಿಗೂ ನಡುವೆ ಹಾಕಬೇಕಾದ ಸ್ವಿಚ್ಚು ಅದರಲ್ಲಿ ಇರಲಿಲ್ಲ. ಫೋನ್ ಮಾಡಿದರೆ ರಘುನಾಥ, "ದಾವಣಗೆರೆಯಿಂದ ಬರಬೇಕಪ್ಪ. ನಿನ್ನ ಚೀಲದಾಗೆ ಇರೋದನ್ನೇ ಹಾಕಿ ಮುಗಿಸು, ಆಮೇಲೆ ಬದಲಾಯಿಸಿದ್ರಾತು" ಎಂದ.

ಚೀಲದಲ್ಲಿದ್ದದ್ದು ಮನೆ ವೈರಿಂಗಿಗೆ ಹಾಕುವ ಸ್ವಿಚ್ಚು. ನೋಡಲು ಎರಡೂ ಒಂದೇ ಥರ. ಆದರೆ ವ್ಯತ್ಯಾಸ ತಿಪ್ಪೇರುದ್ರನಿಗೆ ಗೊತ್ತಿತ್ತು. ತರಬೇತಿಯಲ್ಲಿ ಅದನ್ನೇ ಅರ್ಧ ದಿನ ಹೇಳಿದ್ದರು. ಮನೆಯ ಕರೆಂಟು ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿದು ಏಳುತ್ತಿರುತ್ತದೆ, ಸ್ವಿಚ್ಚು ಇಳಿಸಿದಾಗ ಒಳಗೆ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಪ್ಯಾನೆಲ್ಲಿನ ಕರೆಂಟು ಹಾಗಲ್ಲ. ಬಿಸಿಲು ಇರುವಷ್ಟು ಹೊತ್ತು ಒಂದೇ ಸಮನೆ ನೂಕುತ್ತದೆ. ಅದಕ್ಕೆಂದೇ ಮಾಡಿದ ಸ್ವಿಚ್ಚು ಅಲ್ಲದಿದ್ದರೆ ಇಳಿಸಿದರೂ ಒಳಗೆ ಕಿಡಿ ಹಿಡಿದೇ ಇರುತ್ತದೆ, ಉರಿಯುತ್ತಲೇ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅವನು ಹಿಂದೆ ಐದು ಮನೆಗಳಲ್ಲಿ ಇದೇ ಸ್ವಿಚ್ಚು ಹಾಕಿದ್ದ. ಏನೂ ಆಗಿರಲಿಲ್ಲ. ಆರನೆಯದಕ್ಕೂ ಹಾಕಿ, ಗೋಡೆಯ ಮೇಲಿನ ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳ ಬಿಗಿದ.

ಸಂಜೆ ಎಲ್ಲ ಚಾಲೂ ಆಯಿತು. ಮೇನ್ ತೆಗೆದು ತೋರಿಸಿದ. ಮಷಿನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಯರ್ರಿಸ್ವಾಮಿ ಮಂಚದ ಮೇಲಿಂದಲೇ ಕೈ ಎತ್ತಿ ಮುಗಿದ. ಭೀಮಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡುತ್ತ ಕೇಳಿದಳು:

"ಪ್ಯಾನೆಲ್ ಮ್ಯಾಲೆ ಧೂಳು ಕುಂತ್ರೆ ಏನ್ ಮಾಡ್ಬೇಕು ರುದ್ರಣ್ಣ?"

"ಈ ಸ್ವಿಚ್ ಇಳಿಸ್ರಿ, ಮ್ಯಾಲೆ ಹೋಗಿ ಒದ್ದೆ ಬಟ್ಟೇಲಿ ಒರೆಸ್ರಿ, ಬಂದು ಮತ್ತೆ ಏರಿಸ್ರಿ. ಅಷ್ಟೆ."

"ಸಿಲಿಂಡರ್ ಇನ್ನ ಬೇಕಾಗತೈತಾ? ಬಾಡಿಗೇದು ಅದು. ಮೂಲೆ ತುಂಬ ಅದೇ ಆಗೇತಿ."

"ಇನ್ಯಾಕ್ರಿ ಸಿಲಿಂಡರು? ಸೂರ್ಯನೇ ನಿಮ್ಮನೆಗೆ ಬಂದಾನೆ" ಎಂದು ತಿಪ್ಪೇರುದ್ರ ನಕ್ಕ. ಮರುದಿನ ಸಿಲಿಂಡರು ಜಗಳೂರಿಗೆ ವಾಪಸು ಹೋಯಿತು.

ಸರಿಯಾದ ಸ್ವಿಚ್ಚು ಐದನೆಯ ದಿನಕ್ಕೆ ಅಂಗಡಿಗೆ ಬಂತು. ಅಷ್ಟರಲ್ಲಿ ಅವನಿಗೆ ಹೊನ್ನಾಳಿಯಲ್ಲಿ ದೊಡ್ಡ ಕೆಲಸ ಸಿಕ್ಕಿತ್ತು. ಮುಗಿಸಿ ಹೋಗೋಣ ಎಂದುಕೊಂಡ.

ಮೆಕ್ಕೆಜೋಳ ಒಕ್ಕುವ ಕಾಲ. ಊರ ಕಣಗಳಿಂದ ಎದ್ದ ಹೊಟ್ಟು ಮಾಳಿಗೆಗಳ ಮೇಲೆಲ್ಲ ಕೂರುತ್ತಿತ್ತು. ಹನ್ನೊಂದನೆಯ ದಿನ, ಲೈನ್ ಕೆಲಸವಿದೆಯೆಂದು ಬೆಳಿಗ್ಗೆ ಹತ್ತರಿಂದ ಕರೆಂಟು ತೆಗೆದಿದ್ದರು. ಹನ್ನೆರಡೂವರೆಯ ಹೊತ್ತಿಗೆ ಹೊನ್ನಾಳಿಯ ಮಾಳಿಗೆಯ ಮೇಲಿದ್ದ ತಿಪ್ಪೇರುದ್ರನಿಗೆ ಭೀಮಕ್ಕನ ಫೋನು ಬಂತು.

"ಬ್ಯಾಟರಿ ಅರ್ಧಕ್ಕೆ ಇಳಿದೈತೆ ಅಂತ ತೋರ್ಸಾಕತ್ತೈತೆ ರುದ್ರಣ್ಣ. ಬಿಸಿಲು ನೋಡಿದ್ರೆ ಸುಡ್ತೈತೆ. ಯಾಕೆ ತುಂಬವಲ್ದು?"

"ಹೊಟ್ಟು ಕುಂತಿರ್ತೈತೆ ಭೀಮಕ್ಕ. ಸ್ವಿಚ್ ಇಳಿಸಿ ಒರೆಸ್ರಿ, ಸರಿ ಹೋಗತೈತೆ."

ಫೋನು ಜೇಬಿಗೆ ಹಾಕಿ ಅವನು ಮತ್ತೆ ನಟ್ಟು ಬಿಗಿಯತೊಡಗಿದ. ಚೀಲದಲ್ಲಿ ಅಂಥವೇ ಸ್ವಿಚ್ಚುಗಳಿದ್ದವು. ಭೀಮಕ್ಕನ ಮನೆಯಲ್ಲೂ ಅದನ್ನೇ ಹಾಕಿದ್ದೇನೆಂದು ಆ ಕ್ಷಣದಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಆಮೇಲೆ ನಡೆದದ್ದನ್ನು ಅವನು ತುಂಡು ತುಂಡಾಗಿ ಕೇಳಿದ. ಭೀಮಕ್ಕ ಸ್ವಿಚ್ಚು ಇಳಿಸಿ, ಬಕೆಟ್ಟು ಹಿಡಿದು ಏಣಿ ಹತ್ತಿದ್ದಳು. ಎರಡನೆಯ ಪ್ಯಾನೆಲ್ ಒರೆಸುವಷ್ಟರಲ್ಲಿ ಕೆಳಗಿನಿಂದ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಪೆಟ್ಟಿಗೆಯೊಳಗೆ ಬಿಳಿಯ ಬೆಂಕಿ ಚರಚರ ಎನ್ನುತ್ತಿದೆ, ಇನ್ವರ್ಟರಿನ ಬದಿ ಹತ್ತಿಕೊಂಡಿದೆ, ಮಷಿನ್ನು ನಿಂತು ಕೀಂಯ್ ಎಂದು ಕೂಗುತ್ತಿದೆ, ಮನೆ ತುಂಬ ಕರೀ ಹೊಗೆ. ಸ್ವಿಚ್ಚು ಸರಿಯಾಗಿ ಇಳಿದಿಲ್ಲವೇನೋ ಎಂದು ಅವಳು ಕೈ ಹಾಕಿದಳು. ಬೆರಳು ಬೆಂದವು. ಗಂಡನನ್ನು ಹಾಸಿಗೆ ಸಮೇತ ಎಳೆದು ಅಂಗಳಕ್ಕೆ ತಂದಳು. ಪಕ್ಕದ ಮನೆಯ ಮಾರುತಿ ತನ್ನ ಕಾರು ತೆಗೆದ. ಕಾರಿನಲ್ಲಿ ಸಿಲಿಂಡರಿಲ್ಲ. ಜಗಳೂರು ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಯರ್ರಿಸ್ವಾಮಿ ಹೆಂಡತಿಯ ಮಡಿಲಲ್ಲಿ ಸುಮ್ಮನಾದ.

ಮಣ್ಣಾದ ಮರುದಿನ ರಘುನಾಥ ಅವನನ್ನು ಅಂಗಡಿಗೆ ಕರೆದ.

"ಇಲಿ ವೈರು ಕಡಿದೈತೆ ಅಂತ ಹೇಳು. ಹಳ್ಳಿ ಮನೆ, ಯಾರಾದ್ರೂ ಒಪ್ಕೋತಾರೆ. ಆ ಪೆಟ್ಟಿಗೆ ಮಾತ್ರ ಬಿಚ್ಕೊಂಡು ಬಂದ್ಬಿಡು."

ತಿಪ್ಪೇರುದ್ರ ಹೋದ. ನಡುಮನೆಯ ಗೋಡೆ ಬುಡದಿಂದ ಸೂರಿನವರೆಗೆ ಕಪ್ಪಾಗಿತ್ತು. ಮೇಲಿನ ಬುದ್ಧನ ಪಟದ ಗಾಜು ಹೊಗೆ ಹಿಡಿದು ಮುಖ ಕಾಣುತ್ತಿರಲಿಲ್ಲ. ಅವನು ಮೊದಲು ಮಾಳಿಗೆ ಹತ್ತಿ ಪ್ಯಾನೆಲ್‌ಗಳ ಮೇಲೆ ಗೋಣಿತಾಟು ಮುಚ್ಚಿ, ವೈರು ಬಿಡಿಸಿ ಬಂದ. ಆಮೇಲೆ ಕರಗಿ ಮುದ್ದೆಯಾದ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತ. ಭೀಮಕ್ಕ ಮೂಲೆಯಲ್ಲಿ ಕುಳಿತಿದ್ದಳು, ಬಲಗೈಗೆ ಬಿಳಿ ಪಟ್ಟಿ.

"ರುದ್ರಣ್ಣ, ನಾನು ಸ್ವಿಚ್ ಇಳಿಸಿದ್ದು ತಪ್ಪಾತಾ? ಜೋರಾಗಿ ಇಳಿಸಿಬಿಟ್ನಾ? ಕೈ ಏನಾರ ಒದ್ದೆ ಇತ್ತಾ ಅಂತ ನೆನೆಸ್ಕೋತೀನಿ. ನೆಪ್ಪೇ ಬರವಲ್ದು."

"ಇಲ್ರಿ... ಇಲಿ ಕಡಿದಿರಬೇಕು" ಎಂದ ಅವನು, ಗೋಡೆಯನ್ನೇ ನೋಡುತ್ತ.

"ನಮ್ಮನೆಯಾಗೆ ಇಲಿ ಎಲ್ಲೈತಪ್ಪ? ನನ್ನ ಕೈಯೇ. ಈ ಕೈಯಾಗೇ ಅವ್ರನ್ನ ಕೊಂದೆ."

ಮಮತಾ ಬಾಗಿಲಲ್ಲಿ ನಿಂತಿದ್ದಳು. "ಮೂರು ದಿನದಿಂದ ಇದೇ ಮಾತು. ಊಟ ಬಿಟ್ಟಾಳೆ. ನೀವಾದ್ರೂ ಬಿಡಿಸಿ ಹೇಳ್ರಿ ಅಣ್ಣ, ಅವಳದೇನೂ ತಪ್ಪಿಲ್ಲ ಅಂತ."

ತಿಪ್ಪೇರುದ್ರ ತಲೆಯಾಡಿಸಿ ಹೊರಗೆ ಬಂದ. ಬೈಕಿನಲ್ಲಿ ಜಗಳೂರಿನ ದಾರಿ ಅರ್ಧ ಬಂದವನು ಕುರಿಯ ಹಿಂಡೊಂದಕ್ಕೆ ದಾರಿ ಬಿಡಲು ನಿಂತ. ಹಿಂಡು ದಾಟಿಹೋಯಿತು. ಹಿಂದೆ ಬಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು, ಬೈದು ಪಕ್ಕದಿಂದ ಹೋದ. ಅವನು ಅಲ್ಲೇ ನಿಂತಿದ್ದ. ಹೆದರಿಕೆ ಅವನಿಗೆ ಇತ್ತು. ಪೊಲೀಸು, ಕೋರ್ಟು, ಲೈಸೆನ್ಸು, ಮನೆಯಲ್ಲಿ ಹೆಂಡತಿ ಸರ್ವಮಂಗಳಮ್ಮನ ಮುಖ. ಆದರೆ ಕಿವಿಯಲ್ಲಿ ಆ ಹೆಂಗಸಿನ ಮಾತು ಬಿಟ್ಟು ಬೇರೇನೂ ಇರಲಿಲ್ಲ. ತಾನು ಸುಮ್ಮನಿದ್ದರೆ ಅವಳು ಬದುಕಿರುವಷ್ಟು ದಿನ ಅದನ್ನೇ ನಂಬುತ್ತಾಳೆ. ಬೈಕು ತಿರುಗಿಸಿದ.

ಒಳಗೆ ಹೋದವನು ಕೂರಲಿಲ್ಲ. ಸುಟ್ಟ ಪೆಟ್ಟಿಗೆಯನ್ನು ನೆಲದ ಮೇಲಿಟ್ಟ.

"ಇಲಿ ಕಡಿದಿಲ್ರಿ. ನಾನು ಹಾಕಿದ ಸ್ವಿಚ್ಚೇ ತಪ್ಪು. ಇದು ಮನೆ ಕರೆಂಟಿಂದು, ಪ್ಯಾನೆಲ್ಲಿಗೆ ಹಾಕಬಾರದು. ಗೊತ್ತಿದ್ದೇ ಹಾಕಿದೆ. ಯಾರು ಇಳಿಸಿದ್ರೂ ಹಿಂಗೇ ಆಗ್ತಿತ್ತು. ಅವತ್ತು ಫೋನಾಗೆ ಇಳಿಸ್ರಿ ಅಂದೋನೂ ನಾನೇ. ಸಿಲಿಂಡರ್ ಬ್ಯಾಡ ಅಂದೋನೂ ನಾನೇ. ನಿಮ್ಮ ಕೈಯಾಗೆ ಏನೂ ತಪ್ಪಿಲ್ಲ ಭೀಮಕ್ಕ."

ಭೀಮಕ್ಕ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಂದ ಎತ್ತಿ ನೋಡಿಕೊಂಡಳು. ಆಮೇಲೆ ಅವಳಿಗೆ ಅಳು ಬಂತು. ಗಂಡ ಸತ್ತ ದಿನವೂ ಬಾರದ ಅಳು, ಗೋಡೆಗೆ ತಲೆ ಚಚ್ಚಿಕೊಳ್ಳುವಂಥ ಅಳು. ಮಮತಾ ತಾಯಿಯನ್ನು ಹಿಡಿದುಕೊಂಡೇ ಕೇಳಿದಳು:

"ಗೊತ್ತಿದ್ದೂ ಹಾಕಿದ್ರಾ?"

"ಹೌದವ್ವ."

"ಹನ್ನೊಂದು ದಿನದಾಗೆ ಬದಲಾಯಿಸಾಕೆ ಆಗಲಿಲ್ಲ?"

ಅವನು ಬಾಗಿ ಸುಟ್ಟ ಪೆಟ್ಟಿಗೆಯನ್ನು ಅವಳ ಕಡೆಗೆ ಸರಿಸಿದ.

"ನಾನು ಕಂಪ್ಲೇಂಟ್ ಕೊಡ್ತೀನಿ ಅಣ್ಣ. ನೀವೇ ಬಂದು ಹೇಳಿದ್ರಿ ಅಂತ ಬಿಡಾಕಾಗಲ್ಲ."

"ಕೊಡವ್ವ. ಅಲ್ಲೂ ಇದನ್ನೇ ಹೇಳ್ತೀನಿ" ಎಂದು ಅವನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಮರುದಿನ ಪೊಲೀಸರು ಕರೆಸುವ ಮೊದಲೇ ಅವನಿಗೆ ಮಾಡಬೇಕಾದ ಇನ್ನೊಂದು ಕೆಲಸವಿತ್ತು. ಬೆಳಿಗ್ಗೆಯ ಬಸ್ಸಿಗೆ ದಾವಣಗೆರೆಗೆ ಹೋಗಿ ಸರಿಯಾದ ಸ್ವಿಚ್ಚು ಐದು ತಂದ. ಆ ಐದು ಮನೆಗಳಿಗೂ ಫೋನ್ ಮಾಡಿ, "ನಾನು ಬರೋತನಕ ಆ ಸ್ವಿಚ್ ಮುಟ್ಟಬ್ಯಾಡ್ರಿ" ಎಂದ. ನಲ್ಲೂರಿನಲ್ಲಿ ಚಿಲ್ಲರೆ ಅಂಗಡಿಯ ನಿಂಗರಾಜ್ ಮೊದಲು ನಕ್ಕ, ಕಾರಣ ಕೇಳಿದ ಮೇಲೆ ಎರಡು ಬೈದ, ಆಮೇಲೆ ತಾನೇ ಏಣಿ ಹಿಡಿದ. ಬಸವಾಪಟ್ಟಣದ ಎರಡು ಮನೆಗಳಲ್ಲಿ ಕೆಲಸ ಸುಮ್ಮನೆ ಮುಗಿಯಿತು. ಹೊನ್ನಾಳಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಮನೆಯವರು, "ಒಬ್ಬನ್ನ ಕೊಂದು ಬಂದೀಯ, ಒಳಗೆ ಕಾಲಿಡಬ್ಯಾಡ" ಎಂದು ಗೇಟಿನಲ್ಲೇ ತಡೆದರು. ಅವನು ಸ್ವಿಚ್ಚನ್ನು ಅವರ ಕೈಗೆ ಕೊಟ್ಟು, ಬೇರೆ ವೈರ್‌ಮನ್ ಬರುವವರೆಗೆ ಹೊರಗೆ ಬಿಸಿಲಲ್ಲೇ ಕೂತಿದ್ದ. ಆ ವೈರ್‌ಮನ್ ಕೆಲಸ ಮುಗಿಸಿದನೆಂದು ಕೇಳಿಕೊಂಡೇ ಎದ್ದ.

ಕೊನೆಯದು ನ್ಯಾಮತಿ. ಆ ಮನೆಯ ಯಜಮಾನ ಚಿಕ್ಕಹನುಮಂತಪ್ಪ ನಿವೃತ್ತ ಮೇಷ್ಟ್ರು. ಪ್ಯಾನೆಲ್ ಮುಚ್ಚಿ ಪೆಟ್ಟಿಗೆ ತೆರೆದಾಗ ಸ್ವಿಚ್ಚಿನ ಒಂದು ಬದಿ ಆಗಲೇ ಕಂದಿ ಉಬ್ಬಿತ್ತು. ತಿಪ್ಪೇರುದ್ರ ಅದನ್ನು ಬಿಚ್ಚಿ ಕೈಗೆ ಕೊಟ್ಟ. ಮೇಷ್ಟ್ರು ಹೊರಳಿಸಿ ಹೊರಳಿಸಿ ನೋಡಿದರು.

"ಹೋದ ತಿಂಗಳು ಒಂದು ಸಲ ಇಳಿಸಿದ್ನಪ್ಪ, ಮೋಡ ಇತ್ತು. ಮೊಮ್ಮಕ್ಕಳು ಇದರ ಕೆಳಗೇ ಮಲಗ್ತಾವೆ" ಎಂದಷ್ಟೇ ಹೇಳಿದರು.

ಕೇಸು ನಡೆಯುತ್ತಿದೆ. ಠಾಣೆಯಲ್ಲಿ ಅವನು ಇದ್ದದ್ದನ್ನು ಇದ್ದಂತೆ ಬರೆಸಿದ, ರಘುನಾಥನ ಮಾತನ್ನೂ ಸೇರಿಸಿ. ಅಂಗಡಿಯವನು ವಕೀಲರನ್ನು ಹಿಡಿದು, ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಹೇಳಿಸಿದ್ದಾನೆ. ತಿಪ್ಪೇರುದ್ರನನ್ನು ಈಗ ಯಾರೂ ವೈರಿಂಗಿಗೆ ಕರೆಯುವುದಿಲ್ಲ, ಅವನೂ ಹೋಗುವುದಿಲ್ಲ. ಸರ್ವಮಂಗಳಮ್ಮ ಮೊದಮೊದಲು, "ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ಜಗಳ ಆಡಿದಳು. ಈಗ ಆಡುವುದಿಲ್ಲ. ಗಂಡನ ಜೊತೆ ತಾನೂ ಕಡಲೆಕಾಯಿ ಮಿಲ್ಲಿಗೆ ಕೂಲಿಗೆ ಹೋಗುತ್ತಾಳೆ.

ಭೀಮಕ್ಕ ಮಗಳ ಜೊತೆ ಚನ್ನಗಿರಿಯಲ್ಲಿದ್ದಾಳೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಮೊದಲ ಹಿಯರಿಂಗಿನ ದಿನ ಕೋರ್ಟಿನ ಮೆಟ್ಟಿಲ ಬಳಿ ತಿಪ್ಪೇರುದ್ರ ಅವಳಿಗೆ ಎದುರಾದ. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಮತಾ ಅವನತ್ತ ನೋಡದೆ ಮೆಟ್ಟಿಲು ಹತ್ತಿದಳು. ಭೀಮಕ್ಕ ಒಂದು ಗಳಿಗೆ ನಿಂತು ಅವನನ್ನು ನೋಡಿದಳು. ಆಮೇಲೆ ಅವಳೂ ಮಗಳ ಹಿಂದೆ ಹೋದಳು.